ಒಳನಾಡಿನ ಮನೆಗಳಲ್ಲಿ ಸಾಗರ ಅಕ್ವೇರಿಯಂ: ಸರ್ಜನ್ ಮೀನು ಸಾಕಣೆಯ ಸಾಧ್ಯತೆ ಮತ್ತು ಮಿತಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳು ಘಟಪ್ರಭಾ ನದಿಯನ್ನು ಆಶ್ರಯಿಸಿರುವ ಒಳನಾಡು ಪ್ರದೇಶಗಳಾಗಿರುತ್ತವೆ. ಇಲ್ಲಿ ಮೀನು ಕೃಷಿ ಎಂದರೆ ಜಲಾಶಯ ಹಾಗೂ ಕೆರೆಗಳಲ್ಲಿ ಬೆಳೆಯುವ ಕಟ್ಲಾ, ರೋಹು, ಮೃಗಾಲ್ ಎಂಬುದೇ ರೂಢಿ. ಆದರೆ ಆಮ್ಲಜನಕ ತುಂಬಿದ ಪಾಲಿಥೀನ್ ಚೀಲದಲ್ಲಿ ಜೀವಂತ ಮೀನನ್ನು ದೂರದ ಊರುಗಳಿಗೂ ತಲುಪಿಸುವ ವ್ಯಾಪಾರ ಬೆಳೆದ ನಂತರ, ಸಮುದ್ರದ ವರ್ಣಮೀನನ್ನು ಸಾಕಲು ಕಡಲತೀರದಲ್ಲಿಯೇ ವಾಸಿಸಬೇಕೆಂಬ ನಿರ್ಬಂಧ ಉಳಿದಿರುವುದಿಲ್ಲ. ಇಂತಹ ಮೀನುಗಳಲ್ಲಿ ಹೆಚ್ಚು ಆಕರ್ಷಣೀಯವಾದುದೂ ಹೆಚ್ಚು ಕಷ್ಟಕರವಾದುದೂ ಸರ್ಜನ್ ಮೀನು.

ಬಾಲದ ಬುಡದ ಎರಡೂ ಪಾರ್ಶ್ವಗಳಲ್ಲಿ ಶಸ್ತ್ರವೈದ್ಯರ ಚೂರಿಯಂತೆ ಹರಿತವಾದ ಮುಳ್ಳು ಇರುವುದರಿಂದ ಈ ಹೆಸರು ಬಂದಿದೆ. ವ್ಯಾಪಾರದಲ್ಲಿ ಇವುಗಳನ್ನು ‘ಟ್ಯಾಂಗ್’ ಎಂದು ಕರೆಯಲಾಗುತ್ತದೆ. 2016ರಲ್ಲಿ ತೆರೆಕಂಡ ‘ಫೈಂಡಿಂಗ್ ಡೋರಿ’ ಚಲನಚಿತ್ರದಿಂದ ಮಕ್ಕಳಿಗೂ ಪರಿಚಿತವಾದ ನೀಲಿ ಟ್ಯಾಂಗ್ ಈ ಕುಟುಂಬಕ್ಕೆ ಸೇರಿರುತ್ತದೆ. ಹಿಂದೂ ಮಹಾಸಾಗರದ ಹವಳದ ದಿಬ್ಬಗಳಲ್ಲಿ ವಾಸಿಸುವ ತಿಳಿನೀಲಿ ಬಣ್ಣದ ಪೌಡರ್ ಬ್ಲೂ ಟ್ಯಾಂಗ್ ಸಹ ಇದೇ ಕುಟುಂಬದ್ದು. ಅಂಗಡಿಯಲ್ಲಿ ಎರಡು ಅಂಗುಲವಿರುವ ನೀಲಿ ಟ್ಯಾಂಗ್ ಪೂರ್ಣವಾಗಿ ಬೆಳೆದಾಗ ಸುಮಾರು 30 ಸೆಂ.ಮೀ. ಉದ್ದವಾಗುತ್ತದೆಂಬುದನ್ನು ಮಾರುವವರು ಹೇಳುವುದು ವಿರಳ. ಬಂಡೆಗಳ ಮೇಲಿನ ಪಾಚಿಯನ್ನು ಮೇಯುತ್ತಾ ದಿನವಿಡೀ ಈಜುವ ಸ್ವಭಾವದ ಈ ಮೀನಿಗೆ ಆರು ಅಡಿ ಉದ್ದದ, ಸುಮಾರು 500 ಲೀಟರ್ ಸಾಮರ್ಥ್ಯದ ತೊಟ್ಟಿಯನ್ನು ಕನಿಷ್ಠವೆಂದು ಪರಿಗಣಿಸುವುದು ಸೂಕ್ತ.

ಈ ಮೂರು ತಾಲ್ಲೂಕುಗಳ ದೃಷ್ಟಿಯಿಂದ ಮೊದಲ ಪ್ರಶ್ನೆ ನೀರಿನದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶವಿರುತ್ತದೆ. ಅಂದರೆ 500 ಲೀಟರಿಗೆ 17.5 ಕಿ.ಗ್ರಾಂ. ಲವಣ ಬೇಕಾಗುತ್ತದೆ. ಅಡುಗೆ ಉಪ್ಪು ಇದಕ್ಕೆ ಪರ್ಯಾಯವಲ್ಲ. ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವುಗಳು ಅದರಲ್ಲಿ ಬೇಕಾದ ಪ್ರಮಾಣದಲ್ಲಿ ಇರುವುದಿಲ್ಲ. ಅಕ್ವೇರಿಯಂಗೆಂದೇ ತಯಾರಿಸಿದ ಸಂಶ್ಲೇಷಿತ ಲವಣವನ್ನೇ ಬಳಸಬೇಕಾಗುತ್ತದೆ. ಗೋವಾ ಅಥವಾ ಕಾರವಾರದಿಂದ ನೀರು ತರುವ ಆಲೋಚನೆ ಸುಲಭವೆಂದು ತೋರಬಹುದು. ಆದರೆ ಬಂದರು ಮತ್ತು ಅಳಿವೆಗಳ ನೀರು ಮಲಿನವಾಗಿರುವ ಸಂಭವವಿದ್ದು, ಮಳೆಗಾಲದಲ್ಲಿ ನದಿಗಳ ನೀರು ಸೇರಿ ಅದರ ಲವಣಾಂಶವೂ ಕುಸಿಯುತ್ತದೆ.

ವಾರಕ್ಕೆ ಶೇ. 10ರಷ್ಟು ನೀರನ್ನು ಬದಲಾಯಿಸಿದಲ್ಲಿ ವರ್ಷಕ್ಕೆ 2,600 ಲೀಟರ್ ನೀರು ಹಾಗೂ 91 ಕಿ.ಗ್ರಾಂ. ಲವಣ ಅಗತ್ಯವಾಗುತ್ತದೆ. ಗಡಸು ಹಾಗೂ ನೈಟ್ರೇಟ್ ಅಂಶವುಳ್ಳ ಕೊಳವೆಬಾವಿಯ ನೀರು ನೇರ ಬಳಕೆಗೆ ಯೋಗ್ಯವಲ್ಲದ್ದರಿಂದ ಆರ್.ಓ. ಶುದ್ಧೀಕರಣ ಅನಿವಾರ್ಯ. ಮನೆಬಳಕೆಯ ಆರ್.ಓ. ಸಾಧನಗಳಲ್ಲಿ ಶುದ್ಧವಾಗುವ ನೀರಿಗಿಂತ ಹೊರಹೋಗುವ ನೀರೇ ಸಾಮಾನ್ಯವಾಗಿ ಅಧಿಕ. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಕೊಡ ಹಿಡಿದು ಸರದಿಯಲ್ಲಿ ನಿಲ್ಲುವ ಗ್ರಾಮದಲ್ಲಿ ಈ ವೆಚ್ಚವನ್ನು ಕೇವಲ ಹಣದ ಲೆಕ್ಕದಲ್ಲಿ ಅಳೆಯಲಾಗದು.

ಎರಡನೆಯದು ಉಷ್ಣತೆ ಮತ್ತು ವಿದ್ಯುತ್. ಈ ಮೀನುಗಳಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ಏಪ್ರಿಲ್–ಮೇ ತಿಂಗಳುಗಳ ಬಿಸಿಲಿನಲ್ಲಿ ಶೀತಲಯಂತ್ರವಿಲ್ಲದೆ ಇದನ್ನು ಕಾಯ್ದುಕೊಳ್ಳುವುದು ಕಠಿಣ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಅದೇ ವೇಳೆಯಲ್ಲಿ ವಿದ್ಯುತ್ ಕಡಿತವಾಗಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಮೀನುಗಳು ಸಾಯಬಹುದು. ಬಹು ಹಿಂದೆಯೇ ಜಲಪಾತದಿಂದ ವಿದ್ಯುತ್ ಪಡೆದ ಗೋಕಾಕದಲ್ಲಿಯೂ ಬ್ಯಾಟರಿಚಾಲಿತ ಏರ್ ಪಂಪನ್ನು ಸಿದ್ಧವಿಟ್ಟುಕೊಳ್ಳುವುದು ಅವಶ್ಯ.

ಸರ್ಜನ್ ಮೀನುಗಳು ‘ಮೆರೈನ್ ಇಕ್’ ಎಂಬ ಪರಾವಲಂಬಿ ರೋಗಕ್ಕೆ ಬಹುಬೇಗ ತುತ್ತಾಗುತ್ತವೆ. ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳು ಕಾಣಿಸಿಕೊಳ್ಳುವುದು ಇದರ ಲಕ್ಷಣ. ಚಿಕಿತ್ಸೆಗೆ ಬಳಸುವ ತಾಮ್ರದ ಔಷಧವು ಸಿಗಡಿಯಂತಹ ಅಕಶೇರುಕಗಳಿಗೆ ವಿಷವಾದ್ದರಿಂದ ಹೊಸ ಮೀನನ್ನು ಮೊದಲು ಪ್ರತ್ಯೇಕ ತೊಟ್ಟಿಯಲ್ಲಿ ನಾಲ್ಕರಿಂದ ಆರು ವಾರ ಇಟ್ಟು ಗಮನಿಸಬೇಕು. ಮುಖ್ಯ ತೊಟ್ಟಿಯಲ್ಲಿ ಅಮೋನಿಯಾವನ್ನು ಪರಿವರ್ತಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲೂ ಸರಿಸುಮಾರು ಅಷ್ಟೇ ಅವಧಿ ಬೇಕು. ತೊಟ್ಟಿ ಮತ್ತು ಮೀನನ್ನು ಒಂದೇ ದಿನ ಖರೀದಿಸುವವರು ಸಾಮಾನ್ಯವಾಗಿ ಎರಡನೆಯ ಮೀನನ್ನೂ ಖರೀದಿಸಬೇಕಾಗುತ್ತದೆ.

ಮನೆಯ ಹೊರಗಿನ ಪ್ರಶ್ನೆ ಇನ್ನೂ ಗಂಭೀರವಾದುದು. ಮಾರಾಟವಾಗುವ ಸರ್ಜನ್ ಮೀನುಗಳಲ್ಲಿ ಬಹುಪಾಲು ಸಮುದ್ರದಿಂದಲೇ ಹಿಡಿದವು. ಇವುಗಳ ಮರಿಗಳು ಹಲವು ವಾರಗಳ ಕಾಲ ತೆರೆದ ಸಮುದ್ರದಲ್ಲಿ ತೇಲುತ್ತಾ ಅತಿ ಸೂಕ್ಷ್ಮ ಜೀವಿಗಳನ್ನು ತಿಂದು ಬೆಳೆಯುವುದರಿಂದ ತೊಟ್ಟಿಯಲ್ಲಿ ಮರಿ ಮಾಡಿಸುವುದು ದೀರ್ಘಕಾಲ ಸಾಧ್ಯವಾಗಿರಲಿಲ್ಲ. ಹಳದಿ ಟ್ಯಾಂಗ್ ಮರಿಗಳನ್ನು 2015ರಲ್ಲಿ ಹವಾಯಿಯಲ್ಲಿ, ನೀಲಿ ಟ್ಯಾಂಗ್ ಮರಿಗಳನ್ನು 2016ರಲ್ಲಿ ಫ್ಲೋರಿಡಾದಲ್ಲಿ ಸಂಶೋಧಕರು ಬೆಳೆಸಿದರು. ಹಳದಿ ಟ್ಯಾಂಗ್‌ನ ಪ್ರಮುಖ ಮೂಲವಾಗಿದ್ದ ಹವಾಯಿಯಲ್ಲಿ ನ್ಯಾಯಾಲಯದ ಆದೇಶಗಳ ಪರಿಣಾಮವಾಗಿ 2021ರ ವೇಳೆಗೆ ಅಕ್ವೇರಿಯಂಗಾಗಿ ಮೀನು ಹಿಡಿಯುವುದು ಸ್ಥಗಿತಗೊಂಡು, ಈ ಮೀನಿನ ಬೆಲೆ ತೀವ್ರವಾಗಿ ಏರಿತು. ಬೆಲೆ ಏರಿದ ಮೀನನ್ನು ಅರಿವಿಲ್ಲದೆ ಕೊಂಡು ಕೊಲ್ಲುವುದು ಎರಡು ಬಗೆಯ ನಷ್ಟ. ಇಂಡೋನೇಷ್ಯಾ ಹಾಗೂ ಫಿಲಿಪೈನ್ಸ್‌ನ ಕೆಲವೆಡೆ ಸಯನೈಡ್ ಸಿಂಪಡಿಸಿ ಮೀನು ಹಿಡಿಯುವ ಪದ್ಧತಿಯಿಂದ ಹವಳದ ದಿಬ್ಬಗಳಿಗೂ ಹಾನಿಯಾಗಿದೆ. ಆದ್ದರಿಂದ ಮೀನಿನ ಮೂಲವನ್ನು ವ್ಯಾಪಾರಿಯಲ್ಲಿ ವಿಚಾರಿಸುವುದು ಗ್ರಾಹಕರ ಹಕ್ಕಾಗಿರುತ್ತದೆ.

ತೊಟ್ಟಿಯ ಅಲಂಕಾರದ ಬಗ್ಗೆಯೂ ಎಚ್ಚರ ಅಗತ್ಯ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರಡಿ ರಕ್ಷಣೆ ಪಡೆದಿರುತ್ತವೆ. ‘ಲೈವ್ ರಾಕ್’ ಎಂಬ ಹೆಸರಿನಲ್ಲಿ ಮಾರುವ ಹವಳದ ತುಂಡುಗಳನ್ನು ಕೊಳ್ಳುವವರು ಕಾನೂನು ಕ್ರಮಕ್ಕೆ ಗುರಿಯಾಗಬಹುದು. ಸುಟ್ಟ ಮಣ್ಣಿನಿಂದ ತಯಾರಾದ ಕೃತಕ ಬಂಡೆಗಳು ಇದಕ್ಕೆ ಪರ್ಯಾಯವಾಗಿವೆ.

ಸಮುದ್ರದ ಮೀನನ್ನೇ ಸಾಕಬೇಕೆನ್ನುವ ಹೊಸಬರಿಗೆ ಕ್ಲೌನ್ ಮೀನು ಹೆಚ್ಚು ಸೂಕ್ತ. ಇದರ ಮರಿ ಉತ್ಪಾದನಾ ತಂತ್ರಜ್ಞಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿರುತ್ತದೆ. ಚಿಕ್ಕ ತೊಟ್ಟಿಯೂ ಇದಕ್ಕೆ ಸಾಕಾಗುತ್ತದೆ. ಆದಾಯದ ದೃಷ್ಟಿಯಿಂದ ನೋಡುವ ಕುಟುಂಬಗಳಿಗೆ ಗಪ್ಪಿ, ಮೊಲ್ಲಿ, ಗೋಲ್ಡ್‌ಫಿಶ್‌ಗಳಂತಹ ಸಿಹಿನೀರಿನ ಅಲಂಕಾರಿಕ ಮೀನುಗಳೇ ಈ ಭಾಗಕ್ಕೆ ಹೊಂದುತ್ತವೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ 3 ಲಕ್ಷ ರೂ. ಘಟಕ ವೆಚ್ಚ ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60ರ ಸಹಾಯಧನ ಕಲ್ಪಿಸಲಾಗಿತ್ತು. ಪ್ರಸಕ್ತ ಸಾಲಿನ ಅನುದಾನದ ಲಭ್ಯತೆಯನ್ನು ತಾಲ್ಲೂಕು ಮಟ್ಟದ ಮೀನುಗಾರಿಕೆ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಸಾಕಲಾಗದ ಮೀನನ್ನು ಘಟಪ್ರಭಾ ನದಿಗಾಗಲೀ, ಕಾಲುವೆ ಅಥವಾ ಕೆರೆಗಾಗಲೀ ಬಿಡಬಾರದು. ಸಮುದ್ರದ ಮೀನು ಸಿಹಿನೀರಿನಲ್ಲಿ ಬದುಕುವುದಿಲ್ಲ. ಸಿಹಿನೀರಿನ ಅಕ್ವೇರಿಯಂನ ಸಕ್ಕರ್ ಮೀನು ಬದುಕಿ ಬೆಳೆಯುತ್ತದೆ. ದೇಶದ ಹಲವು ನದಿ, ಕೆರೆಗಳಲ್ಲಿ ಅದು ಸ್ಥಳೀಯ ಮೀನುಗಳ ಆಹಾರಕ್ಕೆ ಪೈಪೋಟಿ ನೀಡಿ ಮೀನುಗಾರರ ಬಲೆಗಳನ್ನು ಹರಿಯುತ್ತಿರುವುದು ಕಂಡುಬಂದಿದೆ. ಬೇಡವಾದ ಮೀನನ್ನು ಕೊಂಡ ಅಂಗಡಿಗೆ ಅಥವಾ ಇನ್ನೊಬ್ಬ ಹವ್ಯಾಸಿಗೆ ಹಿಂದಿರುಗಿಸಬಹುದಾಗಿದೆ. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನು ಹೊಲ, ಕೈತೋಟ ಅಥವಾ ಬಾವಿಯ ಸಮೀಪ ಚೆಲ್ಲಬಾರದು.