ಕೃಪೆಯೂ ವರಪ್ರಸಾದವೂ

ನನ್ನ ತರಗತಿಗಳಲ್ಲಿ ಕೆಥೋಲಿಕ್ ಮಕ್ಕಳೂ ಪ್ರೊಟೆಸ್ಟೆಂಟ್ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಪಾಠ ಕೇಳಿದ್ದಾರೆ. ಕನ್ನಡ ಮೇಷ್ಟರಾದ ನನಗೆ ಅವರ ಮಾತು ಸ್ವಾರಸ್ಯವೆನಿಸುತ್ತಿತ್ತು. ಒಬ್ಬರು ‘ಸರ್ವೇಶ್ವರ’ ಎಂದರೆ ಇನ್ನೊಬ್ಬರು ‘ಯೆಹೋವ’ ಎನ್ನುವರು. ಒಬ್ಬರ ‘ವರಪ್ರಸಾದ’ ಇನ್ನೊಬ್ಬರಿಗೆ ‘ಕೃಪೆ’. ಒಬ್ಬರ ‘ವಿಶ್ವಾಸ’ ಇನ್ನೊಬ್ಬರಿಗೆ ‘ನಂಬಿಕೆ’. ಮಾತೃಭಾಷೆ ಒಂದೇ ಆದರೂ ಪ್ರಾರ್ಥನೆಯ ನಿಘಂಟು ಬೇರೆ.

ಈ ಬೇರ್ಪಾಡಿನ ಮೂಲ ಜರ್ಮನಿಯಲ್ಲಿದೆ. 1517ರಲ್ಲಿ ಮಾರ್ಟಿನ್ ಲೂಥರ್ ಪಾಪಕ್ಷಮಾಪತ್ರಗಳನ್ನು ಪ್ರಶ್ನಿಸಿದಾಗ ಹುಟ್ಟಿದ ವಿವಾದದ ತಿರುಳು ಇಷ್ಟೆ: ದೇವರ ಮುಂದೆ ಮನುಷ್ಯ ನೀತಿವಂತನಾಗುವುದು ಹೇಗೆ? ನಮ್ಮ ಶ್ರೀವೈಷ್ಣವರಲ್ಲಿಯೂ ಇಂಥದೊಂದು ಚರ್ಚೆಯುಂಟು. ಕೋತಿಮರಿ ತಾನೇ ತಾಯಿಯನ್ನು ಅಪ್ಪಿಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ಲೂಥರನದು ಬೆಕ್ಕಿನ ಮರಿಯ ಪಕ್ಷ. ಕೃಪೆಯೇ ಮೊದಲೆಂದರೂ ಮನುಷ್ಯನ ಸಹಕಾರವೂ ಉಂಟೆಂಬುದು ರೋಮಿನ ಪಕ್ಷ. ಹೋಲಿಕೆ ಪೂರ್ತಿ ಹೊಂದದು. ದಿಕ್ಕು ತೋರಿಸಲು ಸಾಕು.

1967ರಲ್ಲಿ ಆರಂಭವಾದ ಉಭಯರ ಸಂವಾದವು 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಜಂಟಿ ಘೋಷಣೆಯಾಗಿ ಫಲಿಸಿತು. ರಕ್ಷಣೆ ದೊರೆಯುವುದು ಕೃಪೆಯಿಂದ, ನಮ್ಮ ಅರ್ಹತೆಯಿಂದಲ್ಲ. ಸತ್ಕಾರ್ಯಗಳು ಅದರ ಫಲ ಎಂದು ಇಬ್ಬರೂ ಒಪ್ಪಿದರು. 2016ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೋಪ್ ಫ್ರಾನ್ಸಿಸರು ಲೂಥರನ್ ಮುಖಂಡರೊಡನೆ ಪ್ರಾರ್ಥಿಸಿದರು. ಬಾಳನ್ನೆಲ್ಲ ಹಂಚಿಕೊಂಡರೂ ಪ್ರಭುಭೋಜನವನ್ನು ಒಟ್ಟಿಗೆ ಸ್ವೀಕರಿಸಲಾಗದ ದಂಪತಿಗಳ ನೋವನ್ನು ಅಂದಿನ ಹೇಳಿಕೆ ಒಪ್ಪಿಕೊಂಡಿತು. ಆ ಪಂಕ್ತಿಭೇದ ಇನ್ನೂ ನೀಗಿಲ್ಲ. ಅಂತರ್ಸಭಾ ವಿವಾಹಗಳಾದ ಮನೆಗಳು ನಮ್ಮ ಬೆಂಗಳೂರಿನಲ್ಲೂ ಇವೆ.

ಇಲ್ಲಿ ಕನ್ನಡ ಮಾಡಬಹುದಾದ ಕೆಲಸವೊಂದಿದೆ. ವಿವಾದದ ಕೇಂದ್ರದಲ್ಲಿದ್ದ ಆ ಪದವನ್ನು ಹಳೆಯ ಪ್ರೊಟೆಸ್ಟೆಂಟ್ ಬೈಬಲ್ ‘ನೀತಿವಂತರೆಂದು ನಿರ್ಣಯ’ ಎಂದು ಕನ್ನಡಿಸಿತು, ಈಚಿನ ಸಿ.ಎಲ್. ಅನುವಾದ ‘ದೇವರೊಡನೆ ಸತ್ಸಂಬಂಧ’ ಎಂದಿತು. ಮೊದಲನೆಯದು ನ್ಯಾಯಾಲಯದ ಮಾತು, ಎರಡನೆಯದು ನೆಂಟಸ್ತಿಕೆಯ ಮಾತು. ಆಗ್ಸ್‌ಬರ್ಗ್‌ನಲ್ಲಿ ಒಪ್ಪಿದ ಸತ್ಯದಲ್ಲಿ ಇವೆರಡೂ ಇವೆ: ಕ್ಷಮೆಯ ತೀರ್ಪೂ ಹೌದು, ಹೊಸ ಬಾಳೂ ಹೌದು. ಆದುದರಿಂದ ಯಾವ ಪದವನ್ನೂ ಬಿಡಬೇಕಾಗಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ಪಂಡಿತರ ಒಪ್ಪಂದ ಗ್ರಂಥಾಲಯದಲ್ಲಿಯೇ ಉಳಿದರೆ ಮನೆಗಳಿಗೇನು ಪ್ರಯೋಜನ? ಮಲ್ಲೇಶ್ವರದಲ್ಲಿ ಸಂತ ಪೇತ್ರರ ಗುರುಮಠವಿದೆ. ಬೆನ್ಸನ್ ಟೌನಿನಲ್ಲಿ 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿದೆ. ನಡುವಣ ದಾರಿ ಕೆಲವೇ ಮೈಲಿ. ಲೂಥರನ್ ಮತ್ತು ರಿಫಾರ್ಮ್ಡ್ ಪರಂಪರೆಗಳೆರಡೂ ಕೂಡಿದ್ದ ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರು 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನೇ ಕೊಟ್ಟರು. ಪ್ರಾರ್ಥನೆಯ ಕನ್ನಡಕ್ಕೆ ಉಭಯರೂ ಕೂಡಿ ರಚಿಸಿದ, ಮಕ್ಕಳಿಗೂ ಅರ್ಥವಾಗುವ ಪುಟ್ಟ ಪದಕೋಶವೊಂದು ಬರಲಿ ಎಂಬುದು ನನ್ನ ಆಸೆ. 2030ಕ್ಕೆ ಲೂಥರನರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಗೆ ಐನೂರು ವರ್ಷ ತುಂಬುತ್ತದೆ. ಅಷ್ಟರೊಳಗೆ ಬಂದರೆ ಇನ್ನೂ ಲೇಸು.

ನಾನು ಯಾವ ಚರ್ಚಿಗೂ ಸೇರಿದವನಲ್ಲ. ಆದರೂ ಕನ್ನಡ ಕಲಿಸಿದವನಿಗೆ ಇಷ್ಟು ಕೇಳುವ ಸಲಿಗೆ ಉಂಟೆಂದು ಭಾವಿಸಿದ್ದೇನೆ. ನನ್ನ ಕ್ರೈಸ್ತ ವಿದ್ಯಾರ್ಥಿಗಳು ಏನೆನ್ನುತ್ತಾರೆ? ದಯವಿಟ್ಟು ಬರೆಯಿರಿ.