ಸೇಂಟ್ ಲೂಯಿಸ್‌ಗೆ ಒಂದೇ ಪೊಲೀಸ್, ಒಂದೇ ಸಂಬಳ

ಅಮೆರಿಕದ ಸೇಂಟ್ ಲೂಯಿಸ್ ನಗರದಿಂದ ವಾಯವ್ಯಕ್ಕೆ ಹೋಗುವ ನ್ಯಾಚುರಲ್ ಬ್ರಿಜ್ ರಸ್ತೆಯಲ್ಲಿ ಹಳೆಯ ಕಾರೊಂದು ಹೋಗುತ್ತಿದೆ, ಅದರ ಹಿಂಬದಿಯ ಒಂದು ದೀಪ ಉರಿಯುತ್ತಿಲ್ಲ ಎಂದಿಟ್ಟುಕೊಳ್ಳಿ. ನಗರದ ಗಡಿ ದಾಟುತ್ತಿದ್ದಂತೆ ಪೈನ್ ಲಾನ್, ನಾರ್ತ್‌ವುಡ್ಸ್, ಬೆವರ್ಲಿ ಹಿಲ್ಸ್, ನಾರ್ಮಂಡಿ ಎಂಬ ಊರುಗಳು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ನಡುವೆ ಹೊಲವಿಲ್ಲ, ಬಯಲಿಲ್ಲ. 2014ರಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಬೇರೆ ಮೇಯರ್, ಬೇರೆ ಪೊಲೀಸ್ ಪಡೆ, ಬೇರೆ ನ್ಯಾಯಾಲಯ ಇತ್ತು. ಬೆವರ್ಲಿ ಹಿಲ್ಸ್‌ನ ಜನಸಂಖ್ಯೆ 2010ರ ಜನಗಣತಿಯಂತೆ 574, ವಿಸ್ತೀರ್ಣ ಅರವತ್ತು ಎಕರೆಯ ಆಸುಪಾಸು, ಅಂದರೆ ಕೊಡಗಿನ ಒಂದು ಕಾಫಿ ತೋಟದಷ್ಟು. ಆ ಒಂದು ದೀಪಕ್ಕಾಗಿ ಕೆಲವೇ ನಿಮಿಷಗಳ ಹಾದಿಯಲ್ಲಿ ಮೂರು ಕಡೆ ಕಾರು ನಿಲ್ಲಿಸಿ, ಮೂರು ದಂಡದ ಚೀಟಿ ಕೊಟ್ಟು, ಮೂರು ನ್ಯಾಯಾಲಯಗಳಿಗೆ ಕರೆಸಲು ಅಡ್ಡಿಯೇನೂ ಇರಲಿಲ್ಲ. ಹಾಜರಿ ತಪ್ಪಿದರೆ ವಾರಂಟ್, ವಾರಂಟ್ ಇದ್ದರೆ ಲಾಕಪ್, ಲಾಕಪ್‌ನಲ್ಲಿ ಎರಡು ದಿನ ಕಳೆದರೆ ಕೆಲಸಕ್ಕೇ ಕುತ್ತು.

ಈ ಚೂರುಚೂರಿನ ಮೂಲ 1876ರಲ್ಲಿದೆ. ಆ ವರ್ಷ ಸೇಂಟ್ ಲೂಯಿಸ್ ನಗರ ತನ್ನ ಸುತ್ತಲಿನ ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದಿಂದ, ಬೇರೆಯಾಯಿತು. ಅಂದು ಹಾಕಿದ ಗಡಿ ಇಂದಿಗೂ ಕದಲಿಲ್ಲ. ಗಡಿಯಾಚೆ ಬೆಳೆದ ಬಡಾವಣೆಗಳು ಒಂದೊಂದಾಗಿ ಪುರಸಭೆಗಳಾದವು. ಸುಮಾರು ಹತ್ತು ಲಕ್ಷ ಜನರ ಕೌಂಟಿಯಲ್ಲಿ ತೊಂಬತ್ತರಷ್ಟು ಪುರಸಭೆಗಳು ಹುಟ್ಟಿಕೊಂಡವು. ಪೊಲೀಸ್ ಎಕ್ಸಿಕ್ಯುಟಿವ್ ರಿಸರ್ಚ್ ಫೋರಂ ಎಂಬ ಸಂಸ್ಥೆ 2015ರಲ್ಲಿ ನಗರ ಮತ್ತು ಕೌಂಟಿಯಲ್ಲಿ ಎಣಿಸಿದಾಗ ಸಿಕ್ಕ ಪೊಲೀಸ್ ಪಡೆಗಳು ಅರವತ್ತು. ಮೂರರಲ್ಲೊಂದು ಪಾಲು ಪಡೆಗಳ ವ್ಯಾಪ್ತಿ ಒಂದು ಚದರ ಮೈಲಿಗೂ ಕಡಿಮೆ. ನಮ್ಮಲ್ಲಿ ಪೊಲೀಸ್ ಎಂದರೆ ರಾಜ್ಯ ಸರ್ಕಾರದ ಇಲಾಖೆ. ಕೋಲಾರದ ಕಾನ್ಸ್‌ಟೆಬಲ್‌ಗೂ ಬೆಂಗಳೂರಿನ ಕಾನ್ಸ್‌ಟೆಬಲ್‌ಗೂ ಒಂದೇ ವೇತನ ಶ್ರೇಣಿ. ಅಲ್ಲಿ ಹಾಗಲ್ಲ. ಪ್ರತಿ ಪುರಸಭೆ ತನ್ನ ಬೊಕ್ಕಸದಲ್ಲಿ ಎಷ್ಟಿದೆಯೋ ಅಷ್ಟನ್ನು ತನ್ನ ಪೊಲೀಸರಿಗೆ ಕೊಡುತ್ತದೆ. ಕ್ಲೇಟನ್, ಲಾಡ್ಯೂದಂಥ ಸಿರಿವಂತ ಊರಿನ ಬೊಕ್ಕಸಕ್ಕೂ ಉತ್ತರ ಕೌಂಟಿಯ ಬಡ ಊರಿನ ಬೊಕ್ಕಸಕ್ಕೂ ಅಜಗಜಾಂತರ. ಪಡೆಗಳನ್ನು ಒಗ್ಗೂಡಿಸಬೇಕು ಎಂದು ಹತ್ತು ವರ್ಷಗಳಿಂದ ವಾದ ನಡೆದಿದೆ. ಒಗ್ಗೂಡಿಸಲೇಬೇಕು ಎಂಬುದು ನನ್ನ ನಿಲುವೂ ಹೌದು. ಆದರೆ ಆ ಕೆಲಸ ಸಂಬಳದಿಂದ ಶುರುವಾಗಬೇಕು. ಸಂಬಳವನ್ನು ಬದಿಗಿಟ್ಟು ಮಾಡುವ ವಿಲೀನ ಬೋರ್ಡು ಬದಲಿಸಿದಷ್ಟೇ.

ಇದೇ ಕೌಂಟಿಯ ಫರ್ಗ್ಯುಸನ್ ಊರಿನ ಲೆಕ್ಕಪತ್ರ ನೋಡಿದರೆ ಇದು ತಿಳಿಯುತ್ತದೆ. 2014ರ ಆಗಸ್ಟ್ 9ರಂದು ಅಲ್ಲಿ ಹದಿನೆಂಟು ವರ್ಷದ ಮೈಕೆಲ್ ಬ್ರೌನ್ ಪೊಲೀಸ್ ಗುಂಡಿಗೆ ಬಲಿಯಾದ ಮೇಲೆ ಅಮೆರಿಕದ ನ್ಯಾಯ ಇಲಾಖೆ ತನಿಖೆ ಮಾಡಿ 2015ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. 2010ರಲ್ಲಿ ಊರಿನ ಸಾಮಾನ್ಯ ನಿಧಿಯ ವರಮಾನ ಸುಮಾರು 1.1 ಕೋಟಿ ಡಾಲರ್, ಅದರಲ್ಲಿ ದಂಡ ಮತ್ತು ಶುಲ್ಕದ ಪಾಲು ಸುಮಾರು 14 ಲಕ್ಷ. 2015ರ ಬಜೆಟ್‌ನಲ್ಲಿ ವರಮಾನ 1.3 ಕೋಟಿಯಾಯಿತು, ಆದರೆ ದಂಡದಿಂದ ಬರಬೇಕೆಂದು ಬರೆದ ಮೊತ್ತ 30 ಲಕ್ಷ ದಾಟಿತು. ಹಣಕಾಸು ಅಧಿಕಾರಿ ಪೊಲೀಸ್ ಮುಖ್ಯಸ್ಥರಿಗೆ ಚೀಟಿಗಳ ಸಂಖ್ಯೆ ಏರಬೇಕೆಂದು ಬರೆದ ಪತ್ರವೂ ಆ ವರದಿಯಲ್ಲಿದೆ. 21 ಸಾವಿರ ಜನರ ಊರಿನಲ್ಲಿ, 2014ರ ಕೊನೆಗೆ, ಆ ಒಂದು ನ್ಯಾಯಾಲಯ ಹೊರಡಿಸಿದ ವಾರಂಟ್ ತಲೆಯ ಮೇಲಿದ್ದವರು 16 ಸಾವಿರಕ್ಕೂ ಹೆಚ್ಚು ಮಂದಿ. ಜನಸಂಖ್ಯೆಯ ಶೇ 67ರಷ್ಟಿದ್ದ ಕಪ್ಪುವರ್ಣೀಯರ ಪಾಲು ದಂಡದ ಚೀಟಿಯಲ್ಲಿ ಶೇ 90, ಬಂಧನದಲ್ಲಿ ಶೇ 93. ವರ್ಣದ್ವೇಷ ಅಲ್ಲಿ ಇತ್ತು, ವರದಿ ಅದನ್ನು ನೇರವಾಗಿಯೇ ಹೇಳುತ್ತದೆ. ಆ ದ್ವೇಷಕ್ಕೆ ದಿನನಿತ್ಯದ ಕೆಲಸ ಒದಗಿಸಿದ್ದು ಮಾತ್ರ ಖಾಲಿ ಬೊಕ್ಕಸ. ಯಾರನ್ನು ಕಾಯಬೇಕೋ ಅವರಿಂದಲೇ ವಸೂಲಿ ಮಾಡಿ ತುಂಬಿಸಿದ ಬೊಕ್ಕಸದಿಂದ ಪೊಲೀಸರಿಗೆ ಸಂಬಳ ಸಿಗುವಾಗ, ಒಳ್ಳೆಯ ಪೇದೆಯೂ ವಸೂಲಿಗಾರನಾಗುತ್ತಾನೆ.

ಕಡಿಮೆ ಸಂಬಳದ ಇನ್ನೊಂದು ಫಲವನ್ನು ಅಲ್ಲಿನವರು ‘ಮ್ಯುನಿ ಷಫಲ್’ ಎನ್ನುತ್ತಾರೆ. ಒಂದು ಪುರಸಭೆಯಲ್ಲಿ ಕೆಲಸ ಕಳೆದುಕೊಂಡ ಪೊಲೀಸ್ ಪಕ್ಕದ ಪುರಸಭೆಯಲ್ಲಿ ಸಮವಸ್ತ್ರ ತೊಟ್ಟುಕೊಳ್ಳುವುದು. ಕಡಿಮೆ ಸಂಬಳಕ್ಕೆ ಅನುಭವಸ್ಥರು ಸಿಗುವುದು ಕಷ್ಟ, ಸಿಕ್ಕವರ ಹಿಂದಿನ ದಾಖಲೆ ಕೆದಕುವ ವ್ಯವಧಾನ ಬಡ ಪುರಸಭೆಗಿಲ್ಲ. ಇತ್ತ ಚುರುಕಾದ ಹುಡುಗರು ಅಲ್ಲಿ ಒಂದೆರಡು ವರ್ಷ ಕೆಲಸ ಕಲಿತು, ಕೌಂಟಿ ಪೊಲೀಸ್‌ಗೋ ಸಿರಿವಂತ ಊರಿಗೋ ಹೊರಟುಬಿಡುತ್ತಾರೆ. ಅತಿ ಹೆಚ್ಚು ಅಪರಾಧ ಕಾಡುವ ಬೀದಿಗಳಿಗೆ ಅತಿ ಕಡಿಮೆ ಸಂಬಳದ, ಅತಿ ಕಡಿಮೆ ಅನುಭವದ ಪಡೆ ಉಳಿಯುತ್ತದೆ. ಇದು ಅಲ್ಲಿನ ತಾಯಂದಿರಿಗೆ, ಅಂಗಡಿಯವರಿಗೆ ಮಾಡುವ ಘೋರ ಅನ್ಯಾಯ. ಆ ಪೊಲೀಸರಿಗೆ ಮಾಡುವ ಅನ್ಯಾಯವೂ ಹೌದು.

ಮಾಡಿದ ಮದ್ದುಗಳು ರೋಗದ ಬುಡಕ್ಕೆ ತಾಗಲಿಲ್ಲ. 2015ರಲ್ಲಿ ಮಿಸೌರಿ ರಾಜ್ಯದ ಶಾಸನಸಭೆ ಪುರಸಭೆಯ ವರಮಾನದಲ್ಲಿ ದಂಡದ ಪಾಲಿಗೆ ಮಿತಿ ಹಾಕಿತು: ರಾಜ್ಯಕ್ಕೆಲ್ಲ ಶೇ 20, ಸೇಂಟ್ ಲೂಯಿಸ್ ಕೌಂಟಿಗೆ ಮಾತ್ರ ಶೇ 12.5. ಒಂದೇ ಕೌಂಟಿಗೆ ಬೇರೆ ನಿಯಮ ಸಲ್ಲದೆಂದು ನ್ಯಾಯಾಲಯ ಆ ಎರಡನೆಯದನ್ನು ರದ್ದುಮಾಡಿತು. ಮಿತಿ ಒಳ್ಳೆಯದೇ, ಆದರೆ ವಸೂಲಿ ನಿಂತ ಮೇಲೆ ಸಂಬಳ ಎಲ್ಲಿಂದ ಎಂಬುದಕ್ಕೆ ಆ ಕಾನೂನಿನಲ್ಲಿ ಉತ್ತರವಿರಲಿಲ್ಲ. 2017ರ ಏಪ್ರಿಲ್‌ನಲ್ಲಿ ಕೌಂಟಿಯ ಮತದಾರರು ಪ್ರೊಪೊಸಿಷನ್ ಪಿ ಎಂಬ ಅರ್ಧ ಸೆಂಟಿನ ಮಾರಾಟ ತೆರಿಗೆಯನ್ನು ಒಪ್ಪಿದರು. ಪೊಲೀಸರಿಗೆ ಒಳ್ಳೆಯ ಸಂಬಳ ಸಿಗಲಿ ಎಂದೇ ಜನ ಹೆಚ್ಚಿನ ತೆರಿಗೆಗೆ ಒಪ್ಪಿದ್ದು. ಅಂಥ ಅವಕಾಶ ಪದೇ ಪದೇ ಬರುವುದಿಲ್ಲ. ಆ ಹಣವನ್ನು ಪುರಸಭೆಗಳಿಗೆ ತಲೆಯೆಣಿಕೆಯ ಮೇಲೆ ಹಂಚಲಾಯಿತು. ಸಿರಿವಂತ ಊರಿಗೂ ತಲೆಗಿಷ್ಟು, ಬಡ ಊರಿಗೂ ತಲೆಗಿಷ್ಟು. ಒಂದಾಗಿ ಎಂಬ ಷರತ್ತಿಲ್ಲ, ಕನಿಷ್ಠ ಇಷ್ಟು ಸಂಬಳ ಕೊಡಿ ಎಂಬ ಷರತ್ತೂ ಇಲ್ಲ. ವೇತನದ ಕಂದಕವನ್ನು ಮುಚ್ಚಬಹುದಾಗಿದ್ದ ಹಣ ಹಾಗೆ ಹರಿದು ಹಂಚಿಹೋಯಿತು.

ವಿಲೀನವನ್ನು ವಿರೋಧಿಸುವವರ ಮಾತುಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಉತ್ತರ ಕೌಂಟಿಯ ಕಪ್ಪುವರ್ಣೀಯ ಮೇಯರ್‌ಗಳದ್ದು. ತಲೆಮಾರುಗಳ ಹೋರಾಟದ ನಂತರ ನಮ್ಮ ಊರಿನ ಆಡಳಿತ ನಮ್ಮ ಕೈಗೆ ಬಂದಿದೆ, ಈಗ ದೊಡ್ಡ ಘಟಕದಲ್ಲಿ ಕರಗಿಹೋಗಿ ಎನ್ನುತ್ತೀರಾ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವವರು ಆ ನೆಲದ ಇತಿಹಾಸವನ್ನು ಓದಿಲ್ಲ. ಆದರೆ ಪುರಸಭೆ ಬೇರೆ, ಪೊಲೀಸ್ ಪಡೆ ಬೇರೆ. ಮೇಯರ್, ಉದ್ಯಾನ, ರಸ್ತೆ, ಕಟ್ಟಡ ಪರವಾನಗಿ ಎಲ್ಲವನ್ನೂ ಉಳಿಸಿಕೊಂಡು ಪೊಲೀಸ್ ಪಡೆಯನ್ನು ಮಾತ್ರ ಒಟ್ಟುಗೂಡಿಸಬಹುದು. ವಿನಿಟಾ ಪಾರ್ಕ್, ವೆಲ್‌ಸ್ಟನ್ ಮುಂತಾದ ಊರುಗಳು 2015ರಿಂದ ನಾರ್ತ್ ಕೌಂಟಿ ಪೊಲೀಸ್ ಕೋಆಪರೇಟಿವ್ ಹೆಸರಿನಲ್ಲಿ ಮಾಡಿರುವುದು ಇದನ್ನೇ. ಅದರ ಕೊರತೆಯೂ ಎದ್ದು ಕಾಣುತ್ತದೆ: ಬಡ ಊರುಗಳು ಬಡ ಊರುಗಳೊಂದಿಗೇ ಕೈಜೋಡಿಸಿವೆ, ಕ್ಲೇಟನ್‌ನ ತೆರಿಗೆ ಅದರ ಹತ್ತಿರ ಸುಳಿಯುವುದಿಲ್ಲ.

ದೊಡ್ಡ ಪಡೆಗಳೇನು ಸಾಚಾವೇ ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. 2017ರಲ್ಲಿ ನಗರದಲ್ಲಿ ನಡೆದ ಪ್ರತಿಭಟನೆಯೊಂದರಲ್ಲಿ ಮಫ್ತಿಯಲ್ಲಿದ್ದ ಕಪ್ಪುವರ್ಣೀಯ ಸಹೋದ್ಯೋಗಿ ಲೂಥರ್ ಹಾಲ್ ಅವರನ್ನು ಹೊಡೆದು ಕೆಡವಿದ್ದು ನಗರದ ಪೊಲೀಸರೇ. ಬಡ್ತಿ ತಪ್ಪಿಸಿದ್ದರ ವಿರುದ್ಧ ದಾವೆ ಹೂಡಿದ ಸಲಿಂಗಿ ಅಧಿಕಾರಿ ಕೀತ್ ವೈಲ್ಡ್‌ಹೇಬರ್ ಅವರಿಗೆ 2019ರಲ್ಲಿ ಜ್ಯೂರಿ ಸುಮಾರು 2 ಕೋಟಿ ಡಾಲರ್ ಪರಿಹಾರ ಘೋಷಿಸಿದ್ದು ಕೌಂಟಿ ಪೊಲೀಸ್ ಇಲಾಖೆಯ ನಡತೆಗಾಗಿ. ಜೆನಿಂಗ್ಸ್ ಊರು 2011ರಲ್ಲಿ ತನ್ನ ಪಡೆಯನ್ನೇ ವಿಸರ್ಜಿಸಿ ಕೌಂಟಿ ಪೊಲೀಸರನ್ನು ಕರೆಸಿಕೊಂಡಿತು. ಆದರೂ ದಂಡ ಕಟ್ಟಲಾಗದ ಬಡವರನ್ನು ಜೈಲಿಗಟ್ಟಿದ್ದಕ್ಕಾಗಿ 2016ರಲ್ಲಿ ಸುಮಾರು 47 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು, ಏಕೆಂದರೆ ಅದರ ನ್ಯಾಯಾಲಯ ಹಳೆಯದೇ ಆಗಿತ್ತು. ಜೆನಿಂಗ್ಸ್ ನನ್ನ ವಾದಕ್ಕೇ ಸಾಕ್ಷಿ: ಪಡೆ ಬದಲಾದರೂ ಹಣದ ದಾರಿ ಬದಲಾಗದಿದ್ದರೆ ಬಡವನ ಪಾಡು ಬದಲಾಗದು. ಇನ್ನು ದೊಡ್ಡ ಇಲಾಖೆಯ ತಪ್ಪಿನ ಬೆನ್ನು ಹತ್ತಲು ಒಂದು ಪತ್ರಿಕೆ, ಒಂದು ಮೊಕದ್ದಮೆ ಸಾಕು. ಅರವತ್ತು ಇಲಾಖೆಗಳ ಬೆನ್ನು ಹತ್ತುವವರು ಯಾರು?

ಕೊನೆಯ ಆಕ್ಷೇಪ ಖರ್ಚಿನದು. ಎಲ್ಲರನ್ನೂ ಮೇಲಿನ ಶ್ರೇಣಿಗೆ ಏರಿಸಿದರೆ ವೆಚ್ಚ ಹೆಚ್ಚುತ್ತದೆ. ಹೌದು, ಹೆಚ್ಚುತ್ತದೆ, ಅದನ್ನು ಮುಚ್ಚಿಡಬಾರದು. ನಗರ ಮತ್ತು ಕೌಂಟಿಯನ್ನು ಒಂದು ಮಾಡಲು 2019ರ ಜನವರಿಯಲ್ಲಿ ‘ಬೆಟರ್ ಟುಗೆದರ್’ ಎಂಬ ಸಂಸ್ಥೆ ಮಂಡಿಸಿದ ಯೋಜನೆ ದೊಡ್ಡ ಉಳಿತಾಯದ ಆಸೆ ತೋರಿಸಿತು, ನಿರ್ಧಾರವನ್ನು ಇಡೀ ರಾಜ್ಯದ ಮತದಾರರ ಕೈಗೆ ಕೊಡಹೊರಟಿತು. ಮೊದಲ ಮೇಯರ್ ಆಗಬೇಕಿದ್ದ ಕೌಂಟಿ ಮುಖ್ಯಸ್ಥ ಸ್ಟೀವ್ ಸ್ಟೆಂಗರ್ ಭ್ರಷ್ಟಾಚಾರದ ಆರೋಪ ಹೊತ್ತು ತಪ್ಪೊಪ್ಪಿಕೊಂಡರು; ಮೇ ತಿಂಗಳಲ್ಲಿ ಯೋಜನೆ ವಾಪಸಾಯಿತು. ಉಳಿತಾಯಕ್ಕಾಗಿ ಪಡೆಗಳನ್ನು ಪುನಾರಚಿಸಿದರೆ ಏನಾಗುತ್ತದೆ ಎಂಬುದನ್ನು ನ್ಯೂಜೆರ್ಸಿಯ ಕ್ಯಾಮ್‌ಡನ್ ತೋರಿಸಿದೆ. ಅಲ್ಲಿ 2013ರಲ್ಲಿ ನಗರದ ಪಡೆ ಮುಚ್ಚಿ ಕೌಂಟಿ ಪಡೆ ಕಟ್ಟಿದಾಗ ಹಳೆಯ ವೇತನ ಒಪ್ಪಂದ ಮುರಿದುಬಿತ್ತು, ಸಂಬಳ ಭತ್ಯೆಗಳು ಇಳಿದವು, ಕೌಂಟಿಯ ಬೇರೆ ಊರುಗಳು ಅದರೊಳಗೆ ಬರಲೇ ಇಲ್ಲ. ಆ ಹಾದಿ ಸೇಂಟ್ ಲೂಯಿಸ್‌ಗೆ ಬೇಡ. ವಾರಂಟ್, ಲಾಕಪ್, ಮೊಕದ್ದಮೆ, ಪರಿಹಾರಗಳ ರೂಪದಲ್ಲಿ ಈಗ ಬಡವರು ಮತ್ತು ತೆರಿಗೆದಾರರು ತೆರುತ್ತಿರುವುದೂ ಖರ್ಚೇ, ಅದು ಬಜೆಟ್ ಪುಸ್ತಕದಲ್ಲಿ ಪೊಲೀಸ್ ಶೀರ್ಷಿಕೆಯಡಿ ಕಾಣುವುದಿಲ್ಲ ಅಷ್ಟೆ.

2025ರ ಮಾರ್ಚ್‌ನಲ್ಲಿ ಮಿಸೌರಿ ರಾಜ್ಯ ಸೇಂಟ್ ಲೂಯಿಸ್ ನಗರದ ಪೊಲೀಸ್ ಪಡೆಯನ್ನು ಮತ್ತೆ ತನ್ನ ಹತೋಟಿಗೆ ತೆಗೆದುಕೊಂಡಿತು. ನಗರ ತನ್ನ ಸಾಮಾನ್ಯ ವರಮಾನದಲ್ಲಿ ಇಂತಿಷ್ಟು ಪಾಲು ಪೊಲೀಸರಿಗೆ ಕೊಡಲೇಬೇಕು, 2028ರ ಹೊತ್ತಿಗೆ ಅದು ಶೇ 25 ಆಗಬೇಕು ಎಂದು ಕಾನೂನಿನಲ್ಲೇ ಬರೆಯಿತು. ನಗರದ ಮತದಾರರ ಅಧಿಕಾರ ಕಿತ್ತುಕೊಂಡ ಆ ಕ್ರಮವನ್ನು ನಾನು ಒಪ್ಪುವುದಿಲ್ಲ. ಆದರೆ ನಗರದ ಬಜೆಟ್‌ಗೆ ಕೈಹಾಕುವಷ್ಟು ಧೈರ್ಯವಿರುವ ಶಾಸನಸಭೆಗೆ ಗಡಿಯಾಚೆಯ ಅನ್ಯಾಯ ಕಾಣಬೇಕಲ್ಲ. ಇಡೀ ಮಹಾನಗರ ಪ್ರದೇಶದ ಪೊಲೀಸರಿಗೆ ಒಂದೇ ಕನಿಷ್ಠ ವೇತನ, ಅದಕ್ಕೆ ಬೇಕಾದ ಹಣ ತಲೆಯೆಣಿಕೆಯ ಬದಲು ಅಗತ್ಯ ನೋಡಿ ಕೊಡುವ ಒಂದೇ ನಿಧಿ, ವಜಾ ಆದವರ ದಾಖಲೆ ಎಲ್ಲ ಊರಿಗೂ ಕಾಣುವ ಒಂದೇ ನೇಮಕಾತಿ ಮಂಡಳಿ, ಆ ವೇತನ ಕೊಡಲಾಗದ ಪುರಸಭೆ ತನ್ನ ಪಡೆಯನ್ನು ಒಗ್ಗೂಡಿಸಲು ಒಂದು ಗಡುವು. ಇಷ್ಟನ್ನು ಬರೆದು, ನಗರ ಮತ್ತು ಕೌಂಟಿಯ ಜನರ ಮುಂದೆ ಮಾತ್ರ ಮತಕ್ಕಿಡಲಿ.