ಜೇನುಮೇಣ ಒಳ್ಳೆಯದೇ, ಸೀಸದ ಮಾತೇನು?

ಕಳೆದ ಮಳೆಗಾಲಕ್ಕೆ ತುಸು ಮುನ್ನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ ಬಂದಿತು. ನಮ್ಮ ಬೆಟ್ಟಸಾಲಿನಲ್ಲಿಯೇ ಹುಟ್ಟಿ, ಕೃಷಿ ಪದವಿ ಪಡೆದು, ಈಗ ಅಮೆರಿಕದಲ್ಲಿ ನೆಲೆಸಿರುವವನು. "ಸರ್, ಊರಿನ ಹೆಜ್ಜೇನಿನ ಮೇಣ ಒಂದೆರಡು ಕಿಲೋ ದೊರಕಿಸಿಕೊಡುವಿರಾ? ಕಲಬೆರಕೆಯಿಲ್ಲದ್ದು ಬೇಕು" ಎಂದು ಕೇಳಿದ್ದ. ಮರಗೆಲಸಕ್ಕೋ ಮುಲಾಮಿಗೋ ಇರಬೇಕೆಂದುಕೊಂಡೆ. ಮುಂದೆ ಓದಿದಾಗ ತಿಳಿಯಿತು: ಗುರಿ ಹೊಡೆಯುವ ಹವ್ಯಾಸಕ್ಕಾಗಿ ಮನೆಯಲ್ಲಿ ತಾನೇ ಎರಕ ಹೊಯ್ದುಕೊಳ್ಳುವ ಸೀಸದ ಗುಂಡುಗಳಿಗೆ ಸವರಲು! "ಪೆಟ್ರೋಲಿಯಂ ಜಿಡ್ಡು ಬಿಟ್ಟು ನೈಸರ್ಗಿಕಕ್ಕೆ ಬರುತ್ತಿದ್ದೇನೆ, ನಿಮಗೆ ಸಂತೋಷವಾಗಬಹುದು" ಎಂಬ ಸಾಲೂ ಇತ್ತು. ಆ ಸಾಲಿಗಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಗುಂಡಿನ ಎರಕವೆಂಬುದು ಸಹಸ್ರಾರು ಜನರ ಬಿಡುವಿನ ಕೆಲಸ. ನಮ್ಮ ಮನೆಗಳಲ್ಲಿ ಅಪ್ಪೆಮಿಡಿಯ ಉಪ್ಪಿನಕಾಯಿ ಕುರಿತು ನಡೆಯುವಷ್ಟೇ ತೀವ್ರವಾದ ಚರ್ಚೆ ಅಲ್ಲಿ ಗುಂಡಿಗೆ ಸವರುವ ಜಿಡ್ಡಿನ ಕುರಿತು ನಡೆಯುತ್ತದೆ. ಕಾರಣವೂ ಇದೆ. ಸೀಸ ಮೆದುವಾದ ಲೋಹ. 327 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಬಿಡುತ್ತದೆ. ಕೋವಿಯ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡು ಅವುಗಳನ್ನು ಉಜ್ಜಿಕೊಂಡು ಧಾವಿಸುವಾಗ ಹಿಂದಿನಿಂದ ಬೆಂಕಿಯಂಥ ಅನಿಲ ನುಗ್ಗುತ್ತದೆ. ಗುಂಡಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಅನಿಲವು ಸೀಸವನ್ನು ಕೊರೆದು ಒಳಗೋಡೆಗೆ ಮೆತ್ತುತ್ತದೆ, ಗುರಿ ಕೆಡುತ್ತದೆ. ಇದನ್ನು ತಡೆಯಲೆಂದು ಗುಂಡಿನ ಸುತ್ತ ಇರುವ ಸಣ್ಣ ಕಾಲುವೆಗಳಲ್ಲಿ ಜಿಡ್ಡು ತುಂಬುತ್ತಾರೆ.

ಗುಂಡಿನ ಜಿಡ್ಡು ನಮ್ಮ ದೇಶಕ್ಕೆ ಅಪರಿಚಿತವಾದ ವಿಷಯವೇನಲ್ಲ. 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಎನ್‌ಫೀಲ್ಡ್ ಕೋವಿಯ ತೋಟಾಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಲಾಗಿದೆಯೆಂಬ ಸುದ್ದಿ ಹಬ್ಬಿತು. ಆ ತೋಟಾವನ್ನು ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ತಮಗೊಪ್ಪಿದ ಜಿಡ್ಡನ್ನು ಸಿಪಾಯಿಗಳೇ ಸವರಿಕೊಳ್ಳಬಹುದೆಂದು ಸರ್ಕಾರ ಅದೇ ತಿಂಗಳು ಒಪ್ಪಿಕೊಂಡಿತಾದರೂ ಶಂಕೆ ಅಷ್ಟರಲ್ಲಿ ಬೇರೂರಿತ್ತು. ಮುಂದಿನದನ್ನು ಶಾಲಾಪುಸ್ತಕಗಳಲ್ಲಿ ಎಲ್ಲರೂ ಓದಿದ್ದೇವೆ.

ಇನ್ನು ಜಿಡ್ಡುಗಳ ಗುಣದೋಷಕ್ಕೆ ಬರೋಣ. ಜೇನುಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ. ಬೇಸಿಗೆಯಲ್ಲಿಯೂ ಗುಂಡಿನಿಂದ ಜಾರಿಬೀಳದು, ಅಂಟಿಕೊಳ್ಳುವ ಗುಣವೂ ಅದಕ್ಕಿದೆ. ಆದರೆ ಚಳಿಯಲ್ಲಿ ಅದೊಂದೇ ಆದರೆ ಬಿರುಸಾಗುತ್ತದೆ. ಆದ್ದರಿಂದ ಪ್ರಾಣಿಕೊಬ್ಬನ್ನೋ, ಸಸ್ಯತೈಲವನ್ನೋ, ಕುರಿಯುಣ್ಣೆಯ ಜಿಡ್ಡನ್ನೋ ಬೆರೆಸಿ ಮೆದುಗೊಳಿಸುತ್ತಾರೆ. ಪ್ಯಾರಾಫಿನ್ ಮೇಣ ಅಗ್ಗ. ಆದರೆ ಒಣಗಿದ ಸುಣ್ಣದಂತೆ ಬಿರಿದು ಉದುರುತ್ತದೆ. ಹಳೆಯ ಕಾಲದ ಕರಿಮದ್ದಿನ ಕೋವಿಗೆ ಪೆಟ್ರೋಲಿಯಂ ಮೂಲದ ಜಿಡ್ಡು ಹೊಂದುವುದಿಲ್ಲ. ಮದ್ದಿನ ಮಸಿಯೊಡನೆ ಸೇರಿ ಡಾಂಬರಿನಂತಾಗುತ್ತದೆ. ಮೇಣ ಮತ್ತು ಕೊಬ್ಬಿನ ಮಿಶ್ರಣವಾದರೆ ಮಸಿ ಮೆತ್ತಗೇ ಉಳಿದು ಒರೆಸಿದಾಗ ಬಿಟ್ಟುಕೊಳ್ಳುತ್ತದೆ. ಇಲ್ಲಿ ಅಜ್ಜಂದಿರ ಕಾಲದ ಪಾಕವೇ ಮೇಲು.

ಹೊಗೆರಹಿತ ಮದ್ದಿಗೆ ಬೇರೆ ಲೆಕ್ಕ. ಅಮೆರಿಕದ ರೈಫಲ್ ಸಂಘದ ಪತ್ರಿಕೆಯಲ್ಲಿದ್ದ ತಾಂತ್ರಿಕ ಲೇಖಕ ಇ. ಎಚ್. ಹ್ಯಾರಿಸನ್ ಪ್ರಚಾರಕ್ಕೆ ತಂದ ಪಾಕ ಇಂದಿಗೂ ಅಲ್ಲಿ ಅಳತೆಗೋಲು: ಅರ್ಧ ಜೇನುಮೇಣ, ಅರ್ಧ ಆಲಾಕ್ಸ್. ಆಲಾಕ್ಸ್ ಎಂಬುದು ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯಲು ತಯಾರಿಸಿದ ಪೆಟ್ರೋಲಿಯಂ ವಸ್ತು. ಕೆಲಸ ಚೆನ್ನಾಗಿ ಮಾಡುತ್ತದೆ. ಹೊಗೆಯೂ ವಾಸನೆಯೂ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಜಿಡ್ಡನ್ನೇ ಬಿಟ್ಟು, ಗೇಟಿಗೂ ಬೀರುವಿಗೂ ಹಚ್ಚುವಂಥ ಪುಡಿಬಣ್ಣವನ್ನು ಗುಂಡಿಗೆ ಬಳಿದು ಒಲೆಯಲ್ಲಿ ಬೇಯಿಸುವವರು ಹೆಚ್ಚಿದ್ದಾರೆ. ಹೊಗೆ ತೀರ ಕಡಿಮೆ, ಕೈಗೆ ಸೀಸ ತಾಗುವುದೂ ಕಡಿಮೆ. ಆದರೆ ಪ್ಲಾಸ್ಟಿಕ್ಕಿನ ಸಿಪ್ಪೆ ಮಣ್ಣಿಗೆ ಸೇರುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ ಒಂದು ತಮಾಷೆ: ಗುಂಡಿನ ಅಳತೆ ನಳಿಗೆಗೆ ಸರಿಹೊಂದದಿದ್ದರೆ ಯಾವ ಜಿಡ್ಡೂ ಕಾಯಲಾರದು, ಸರಿಹೊಂದಿದರೆ ಸಾಧಾರಣ ಜಿಡ್ಡೂ ಸಾಕು ಎಂದು ಅನುಭವಿಗಳೇ ಒಪ್ಪುತ್ತಾರೆ.

ನನ್ನ ತಕರಾರು ಈ ಹೋಲಿಕೆಯ ಬಗ್ಗೆಯಲ್ಲ. ಹೋಲಿಕೆ ನಳಿಗೆಯ ತುದಿಯಲ್ಲಿಯೇ ನಿಂತುಬಿಡುತ್ತದಲ್ಲ, ಅದರ ಬಗ್ಗೆ. ಗುಂಡಿನ ತೂಕದಲ್ಲಿ ಜಿಡ್ಡಿನ ಪಾಲು ನೂರಕ್ಕೆ ಒಂದರ ಆಸುಪಾಸು. ಆ ಒಂದು ಪಾಲು ಜೇನುಹುಟ್ಟಿನಿಂದ ಬಂದಿತೋ ತೈಲಬಾವಿಯಿಂದ ಬಂದಿತೋ ಎಂದು ತೂಗಿ ನೋಡುವವರು ಉಳಿದ ತೊಂಬತ್ತೊಂಬತ್ತು ಪಾಲು ಸೀಸ ಎಲ್ಲಿಗೆ ಹೋಗುತ್ತದೆಂದು ಕೇಳುವುದಿಲ್ಲ. ಮೇಣ ನೈಸರ್ಗಿಕವಾದ ಮಾತ್ರಕ್ಕೆ ಗುಂಡು ನೈಸರ್ಗಿಕವಾಗದು. ಮೇಣದ ಲೇಪವು ಸೀಸವನ್ನು ನೀರಿನಿಂದ ಕಾಪಾಡೀತೆಂದು ನನ್ನ ವಿದ್ಯಾರ್ಥಿ ವಾದಿಸಿದ್ದಾನೆ. ದಿಬ್ಬಕ್ಕೆ ಬಡಿದ ಗುಂಡು ಚಪ್ಪಟೆಯಾಗಿ, ಚೂರಾಗಿ, ಹೊಸ ಮೈ ತೋರಿಸಿಕೊಂಡು ಬಿದ್ದಿರುತ್ತದೆ. ಮೇಣ ಅಷ್ಟರಲ್ಲಿ ಬಹುಪಾಲು ಕರಗಿ ಚೆದುರಿಹೋಗಿರುತ್ತದೆ.

ಮಣ್ಣಿನವನಾದ ನಾನು ಲೆಕ್ಕ ಹಾಕದಿರಲಾರೆ. ಪಾಯಿಂಟ್ 22 ರೈಫಲ್ಲಿನ ಸಾಮಾನ್ಯ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ. ಅದೂ ಮೇಣವನ್ನೋ ಜಿಡ್ಡನ್ನೋ ಸವರಿದ ಬರಿಯ ಸೀಸವೇ. ಸಾವಿರ ಗುಂಡಿಗೆ 2.6 ಕಿಲೋ. ಇದನ್ನು ಒಂದೆಕರೆಯ ಆರಂಗುಲ ಮೇಲ್ಮಣ್ಣಿಗೆ, ಎಂದರೆ ಸುಮಾರು 900 ಟನ್ನಿಗೆ, ಹಂಚಿದರೆ ಕಿಲೋ ಮಣ್ಣಿಗೆ 3 ಮಿಲಿಗ್ರಾಂ ಕೂಡ ಆಗದು. ಆದರೆ ಗುಂಡುಗಳು ಎಕರೆಯ ಉದ್ದಗಲಕ್ಕೆ ಬೀಳುವುದಿಲ್ಲ, ಒಂದೇ ದಿಬ್ಬಕ್ಕೆ ಬೀಳುತ್ತವೆ. ದಿಬ್ಬದ ಮಣ್ಣು 10 ಟನ್ ಎಂದಿಟ್ಟುಕೊಂಡರೆ ಕಿಲೋಗೆ 260 ಮಿಲಿಗ್ರಾಂ! ಮಕ್ಕಳಿರುವ ಮನೆಯಂಗಳದ ಮಣ್ಣಿನಲ್ಲಿ ಎಷ್ಟು ಸೀಸವಿದ್ದರೆ ಎಚ್ಚರ ವಹಿಸಬೇಕೆಂಬ ಮಟ್ಟವನ್ನು ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ 400ರಿಂದ 200ಕ್ಕೆ ಇಳಿಸಿತು. ದೇಹಕ್ಕೆ ನಿರಪಾಯವೆನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಎಳೆಯ ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಮರಳಿ ಸರಿಹೋಗುವಂಥದಲ್ಲ. ಪೆಟ್ರೋಲಿನಿಂದ ಸೀಸವನ್ನು ನಾವು 2000ದಲ್ಲಿ ಹೊರಹಾಕಿದ್ದು ಇದೇ ಕಾರಣಕ್ಕೆ.

ದಿಬ್ಬದಲ್ಲಿ ಹುದುಗಿದ ಸೀಸದ ಮೈಮೇಲೆ ಕ್ರಮೇಣ ಬಿಳಿಯ ಹೊಪ್ಪಳೆ ಕಟ್ಟುತ್ತದೆ. ಹುಳಿಮಣ್ಣಿನಲ್ಲಿ, ಮಳೆ ಹೆಚ್ಚಿದಲ್ಲಿ, ಆ ಹೊಪ್ಪಳೆ ಬೇಗ ಕರಗುತ್ತದೆ. ನಮ್ಮ ಬೆಟ್ಟದ ಮಣ್ಣು ಹುಳಿಯೆಂದು ತೋಟಕ್ಕೆ ಸುಣ್ಣ ಹಾಕುವ ಪ್ರತಿಯೊಬ್ಬ ಬೆಳೆಗಾರನೂ ಬಲ್ಲ. ಆದರೂ ಭಯವನ್ನು ಉತ್ಪ್ರೇಕ್ಷಿಸಬಾರದು: ಕರಗಿದ ಸೀಸವನ್ನು ಜೇಡಿಯೂ ಕಬ್ಬಿಣದ ಅಂಶವೂ ಗೊಬ್ಬರದ ಅಂಶವೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಯೂರಿಯಾದಂತೆ ಅದು ಬಾವಿಗೆ ಓಡುವುದಿಲ್ಲ. ಅಪಾಯವಿರುವುದು ಕೊಚ್ಚಿಹೋಗುವ ಮಣ್ಣಿನಲ್ಲಿ, ಧೂಳಿನಲ್ಲಿ, ಮಕ್ಕಳ ಕೈಯಲ್ಲಿ.

ಇದು ದೂರದೇಶದ ಹವ್ಯಾಸದ ಕಥೆಯೆಂದು ಸುಮ್ಮನಿರುವಂತಿಲ್ಲ. ನಮ್ಮಲ್ಲಿ ಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಮನೆಯ ಎರಕ ಇಲ್ಲಿ ಹವ್ಯಾಸವಲ್ಲ, ಅಪರಾಧ. ಆದರೆ ಗುರಿ ಹೊಡೆಯುವುದು ಕೊಡಗಿನ ಬಾಳಿನ ಅಂಗ. ನಾಟಿ ಮುಗಿದು ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್ ಮುಹೂರ್ತ ಬಂದಿತೆಂದರೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ. ಆ ಸಂಭ್ರಮವನ್ನು ನಿಲ್ಲಿಸಿರೆಂದು ನಾನು ಹೇಳುವವನಲ್ಲ. ನಾನೂ ಹೋಗಿ ನಿಂತು ನೋಡುವವನೇ. ಆದರೆ ಒಂದು ವರ್ಷ ಸ್ಪರ್ಧೆ ಮುಗಿದ ಮರುದಿನ ಮೂವರು ಹುಡುಗರು ದಿಬ್ಬ ಕೆದಕಿ ಸೀಸದ ಚೂರು ಹೆಕ್ಕುತ್ತಿದ್ದರು. ಬೀಸುಬಲೆಗೆ ಮಣಿ ಮಾಡಲೆಂದು! ಎಲ್ಲಿ ಕರಗಿಸುವಿರೆಂದು ಕೇಳಿದೆ. "ಅಡಿಗೆಮನೆ ಒಲೇಲಿ ಸರ್, ಹಳೇ ಸೌಟಿದೆ" ಎಂದರು. ದಿಬ್ಬದ ಬುಡದಿಂದ ಹತ್ತು ಮಾರು ಕೆಳಗೆ ಗದ್ದೆಯ ನೀರು ಹರಿಯುತ್ತಿತ್ತು.

ಸ್ಪರ್ಧೆ ನಡೆಸುವವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಪ್ರತಿವರ್ಷ ಬೇರೆ ಬೇರೆ ಜಾಗಕ್ಕೆ ಹೋಗದೆ ಒಂದೇ ದಿಬ್ಬವನ್ನು ಖಾಯಂ ಮಾಡಿರಿ. ಸೀಸ ಒಂದೆಡೆ ಇದ್ದರೆ ತೆಗೆಯಬಹುದು, ಚೆದುರಿದರೆ ತೆಗೆಯಲಾಗದು. ದಿಬ್ಬ ತೋಡಿನಿಂದ, ಗದ್ದೆಯ ಕಾಲುವೆಯಿಂದ ದೂರವಿರಲಿ, ಮೇಲಿನ ನೀರು ಅದರತ್ತ ಬಾರದಂತೆ ಬಸಿಗಾಲುವೆ ಇರಲಿ. ಗುರಿಯ ಹಿಂದೆ ದಿಬ್ಬಕ್ಕೆ ಒರಗಿಸಿ ಮರಳಿನ ಚೀಲಗಳನ್ನು ದಪ್ಪವಾಗಿ ಪೇರಿಸಿದರೆ ಬಹುಪಾಲು ಸೀಸ ಮರಳಿನಲ್ಲೇ ಸಿಗುತ್ತದೆ. ಜರಡಿ ಹಿಡಿದು ಹಳೆಯ ಬ್ಯಾಟರಿ ಕೊಳ್ಳುವ ಅಧಿಕೃತ ವ್ಯಾಪಾರಿಗೆ ಕೊಡಬಹುದು. ಒಣ ಮರಳನ್ನು ಜರಡಿ ಹಿಡಿಯಬೇಡಿ, ಧೂಳೇಳುತ್ತದೆ. ತುಸು ಒದ್ದೆ ಮಾಡಿಕೊಳ್ಳಿ. ದಿಬ್ಬಕ್ಕೆ ವರ್ಷಕ್ಕೊಮ್ಮೆ ಸುಣ್ಣ ಹಾಕಿ, ಹುಲ್ಲು ಬೆಳೆಸಿ, ಆ ಹುಲ್ಲನ್ನು ದನಕ್ಕೆ ಹಾಕಬೇಡಿ. ಮಕ್ಕಳಿಗೆ ಬಲೆಯ ಮಣಿ ಬೇಕಿದ್ದರೆ ಅಂಗಡಿಯಿಂದ ತಂದುಕೊಡಿ.

ಮಣ್ಣು ಪರೀಕ್ಷಿಸಬಯಸುವ ವಿದ್ಯಾರ್ಥಿಗಳು ಗಮನಿಸಬೇಕು: ಸಾಮಾನ್ಯ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್ ಇರುತ್ತವೆ; ಸೀಸ ಇರುವುದಿಲ್ಲ. ಪ್ರಯೋಗಾಲಯದಲ್ಲಿ ಬೇರೆಯಾಗಿ ಕೇಳಬೇಕು. ದಿಬ್ಬದ ಬುಡದಿಂದ, ಹತ್ತು ಮಾರು ಕೆಳಗಿನಿಂದ, ಮತ್ತು ಗುಂಡೇ ಬೀಳದ ಮೇಲಿನ ಜಾಗದಿಂದ, ಹೀಗೆ ಮೂರು ಮಾದರಿ ತೆಗೆಯಿರಿ. ಮೂರನೆಯದು ಇಲ್ಲದಿದ್ದರೆ ಉಳಿದೆರಡಕ್ಕೆ ಅರ್ಥವಿಲ್ಲ.

ವಿದ್ಯಾರ್ಥಿಗೆ ಮೇಣ ಕಳುಹಿಸಿಲ್ಲ. ಅವನ ದಿಬ್ಬದ ಹಿಂದಿನ ನೀರು ಎತ್ತ ಹರಿಯುತ್ತದೆಂದು ಕೇಳಿ ಬರೆದಿದ್ದೆ. ಮೊನ್ನೆ ಉತ್ತರ ಬಂದಿದೆ: ನೋಡಿಲ್ಲ ಸರ್, ಈ ಭಾನುವಾರ ಹೋಗಿ ನೋಡುತ್ತೇನೆ, ಎಂದು.